ಓತಿಕ್ಯಾತನ ಮೊಟ್ಟೆಗೆ ಕಾವು ಕೊಡುವವರು ಯಾರು?

‘ಓತಿಕ್ಯಾತಕ್ಕೆ ಬೇಲಿಗೂಟ ಸಾಕ್ಷಿ’ ಎಂಬುದು ಹಳೆಯ ಗಾದೆ. ಗಾದೆಯ ಅರ್ಥ ಏನೇ ಇರಲಿ, ಸಿಂದಗಿ, ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಹೊಲಗಳಲ್ಲಿ ಬೇಲಿಗೂಟದ ಮೇಲೆ ಓತಿಕ್ಯಾತ ಕುಳಿತಿರುವುದಂತೂ ನಿಜ. ಗೋಣು ಮೇಲೆ ಕೆಳಗೆ ಆಡಿಸುತ್ತ ಕುಳಿತ ಈ ಪ್ರಾಣಿಯನ್ನು ಕಂಡರೆ ಹುಡುಗರ ಕೈ ಕಲ್ಲಿನ ಕಡೆಗೆ ಹೋಗುತ್ತದೆ. ಮರಿ ಮಾಡುವ ಕಾಲದಲ್ಲಿ ಗಂಡಿನ ತಲೆ, ಗಂಟಲು ಕೆಂಪೇರುವುದನ್ನು ನೋಡಿ, ಅದು ದೂರದಿಂದಲೇ ರಕ್ತ ಹೀರುತ್ತದೆ ಎಂದು ನಂಬಿದವರೂ ಇದ್ದಾರೆ. ಅದು ಹೀರುವುದು ಯಾರ ರಕ್ತವನ್ನೂ ಅಲ್ಲ. ಮಿಡತೆ, ಇರುವೆ, ಹುಳುಗಳನ್ನು ತಿಂದು ಬದುಕುವ ನಿರುಪದ್ರವಿ ಜೀವಿ ಅದು.

ಮುಂಗಾರಿನ ಮೊದಲ ಮಳೆಗಳು ಬಿದ್ದು ನೆಲ ಹದವಾದಾಗ ಹೆಣ್ಣು ಓತಿ ಬೇಲಿಯಿಂದ ಕೆಳಗಿಳಿಯುತ್ತದೆ. ಮೆತ್ತಗಿನ ಜಾಗ ಹುಡುಕಿ, ಮುಂಗಾಲಿನಿಂದ ಕುಳಿ ತೋಡಿ, ಸಾಮಾನ್ಯವಾಗಿ ಹತ್ತರಿಂದ ಇಪ್ಪತ್ತು ಮೊಟ್ಟೆಗಳನ್ನಿಟ್ಟು, ಮೇಲೆ ಮಣ್ಣೆಳೆದು ಹೊರಟುಹೋಗುತ್ತದೆ. ಮತ್ತೆ ತಿರುಗಿ ನೋಡುವುದಿಲ್ಲ. ಆಮೇಲೆ ಯಾರೋ ಕಸ ಕೀಳುವಾಗ, ಬದುವಿಗೆ ಸಸಿ ನೆಡುವಾಗ, ಕುರ್ಪಿಯ ತುದಿಗೆ ಆ ಬಿಳಿಯ ಮೊಟ್ಟೆಗಳು ಸಿಗುತ್ತವೆ. ವಿಜ್ಞಾನದಲ್ಲಿ ಆಸಕ್ತಿಯಿರುವ ಹುಡುಗನಾದರೆ ಅವನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಮನೆಗೆ ತಂದು, ಡಬ್ಬಿಯಲ್ಲಿ ಹತ್ತಿ ಹಾಸಿ, ಮೇಲೊಂದು ದೀಪ ಹಚ್ಚಿ ಮರಿಗಾಗಿ ಕಾಯುತ್ತಾನೆ. ಹುಡುಗನ ಉದ್ದೇಶ ಒಳ್ಳೆಯದು. ಆದರೆ ಹೀಗೆ ಮಾಡಿದ ಮೊಟ್ಟೆಗಳು ಬಹುಮಟ್ಟಿಗೆ ಒಣಗಿ ಸುಕ್ಕುಗಟ್ಟಿ ಸಾಯುತ್ತವೆ. ಏಕೆ ಹೀಗಾಗುತ್ತದೆ? ತಾಯಿ ಕಾವು ಕೊಡದೆ ಹೋದ ಮೇಲೂ ಹೊಲದಲ್ಲಿ ಆ ಮೊಟ್ಟೆಗಳು ಮರಿಯಾಗುವುದು ಹೇಗೆ? ಮನೆಯಲ್ಲೇ ಒಂದು ಕಾವುಪೆಟ್ಟಿಗೆಯನ್ನು ಕಟ್ಟಬಹುದೇ? ಕಟ್ಟಿದರೆ ಅದರಲ್ಲಿ ಇಡಬೇಕಾದದ್ದು ಏನು? ಈ ಪ್ರಶ್ನೆಗಳನ್ನು ಒಂದೊಂದಾಗಿ ನೋಡೋಣ.

ಕೋಳಿಯ ಮೊಟ್ಟೆ, ಓತಿಯ ಮೊಟ್ಟೆ

ಕಾವು ಎಂದೊಡನೆ ನಮ್ಮ ಕಣ್ಣಮುಂದೆ ಬರುವುದು ಬುಟ್ಟಿಯಲ್ಲಿ ಕುಳಿತ ಕೋಳಿ. ಅದರ ಮೊಟ್ಟೆಯ ಸಿಪ್ಪೆ ಸುಣ್ಣದಂತೆ ಗಟ್ಟಿ. ಮರಿಗೆ ಬೇಕಾದ ನೀರೆಲ್ಲ ಒಳಗೇ ಇರುತ್ತದೆ. ಕಾವು ಕೂತ 21 ದಿನಗಳಲ್ಲಿ ಮೊಟ್ಟೆ ನೀರನ್ನು ಸ್ವಲ್ಪ ಸ್ವಲ್ಪವಾಗಿ ಕಳೆದುಕೊಂಡು ಹಗುರವಾಗುತ್ತ ಹೋಗುತ್ತದೆ. ತಾಯಿಕೋಳಿ ತನ್ನ ಮೈಯ ಬಿಸಿಯನ್ನು ನೇರವಾಗಿ ಕೊಡುತ್ತದೆ. ಕೊಕ್ಕಿನಿಂದ ದಿನಕ್ಕೆ ಹಲವು ಬಾರಿ ಮೊಟ್ಟೆಗಳನ್ನು ಹೊರಳಿಸುತ್ತದೆ. ಹೊರಳಿಸದಿದ್ದರೆ ಭ್ರೂಣ ಸಿಪ್ಪೆಯ ಒಳಪೊರೆಗೆ ಅಂಟಿಕೊಂಡು ಸಾಯುವ ಸಂಭವವಿದೆ.

ಓತಿಕ್ಯಾತನ ಮೊಟ್ಟೆ ಹೀಗಲ್ಲ. ಅದರ ಸಿಪ್ಪೆ ತೆಳುವಾದ ತೊಗಲಿನಂತೆ ಮೆತ್ತಗೆ. ಹಲವು ಹಾವುಗಳ ಮೊಟ್ಟೆಯೂ ಹಾಗೆಯೇ. ಇಂಥ ಮೊಟ್ಟೆ ಸುತ್ತಲಿನ ಹಸಿ ಮಣ್ಣಿನಿಂದ ನೀರನ್ನು ಹೀರಿಕೊಂಡು ಉಬ್ಬುತ್ತದೆ. ಇಟ್ಟ ದಿನಕ್ಕಿಂತ ಮರಿ ಹೊರಬರುವ ಹೊತ್ತಿಗೆ ಅದರ ತೂಕ ಹೆಚ್ಚಿರುತ್ತದೆ. ಹತ್ತಿಯ ಮೇಲೆ, ದೀಪದ ಕೆಳಗೆ ಇಟ್ಟರೆ ಅದು ನೀರನ್ನು ಪಡೆಯುವ ಬದಲು ಕಳೆದುಕೊಳ್ಳುತ್ತದೆ. ಹುಡುಗನ ಡಬ್ಬಿಯಲ್ಲಿ ಮೊಟ್ಟೆ ಸುಕ್ಕುಗಟ್ಟುವುದಕ್ಕೆ ಮೊದಲ ಕಾರಣ ಇದು.

ಎರಡನೆಯ ಕಾರಣ ಹೊರಳಿಸುವುದು. ಮೊಸಳೆ, ಆಮೆಗಳ ಮೊಟ್ಟೆಯಲ್ಲಿ ಭ್ರೂಣವು ಮೊದಲ ದಿನದೊಳಗೇ ಮೊಟ್ಟೆಯ ಮೇಲ್ಭಾಗದ ಪೊರೆಗೆ ಅಂಟಿ ನಿಲ್ಲುತ್ತದೆ. ಆಮೇಲೆ ಮೊಟ್ಟೆಯನ್ನು ತಲೆಕೆಳಗು ಮಾಡಿದರೆ ಆ ಎಳೆಯ ಪೊರೆ ಹರಿದು ಭ್ರೂಣ ಸಾಯುತ್ತದೆ. ಕೋಳಿಯ ಮೊಟ್ಟೆಯನ್ನು ಹೊರಳಿಸದಿದ್ದರೆ ತೊಂದರೆ, ಇಲ್ಲಿ ಹೊರಳಿಸಿದರೆ ತೊಂದರೆ! ಓತಿ, ಹಾವುಗಳ ಮೊಟ್ಟೆಯ ವಿಷಯದಲ್ಲೂ ಪ್ರಯೋಗಾಲಯದವರು ಇದೇ ಎಚ್ಚರವನ್ನು ಪಾಲಿಸುತ್ತಾರೆ. ಜೇಬಿನಲ್ಲಿ ಕುಲುಕುತ್ತ ಬಂದ ಮೊಟ್ಟೆಯ ಗತಿ ಏನೆಂದು ಇದರಿಂದ ಊಹಿಸಬಹುದು.

ಮೂರನೆಯದು ಬಿಸಿ. ಕೋಳಿಮೊಟ್ಟೆಗೆ ಬೇಕಾದದ್ದು ಸುಮಾರು 37.5 ಡಿಗ್ರಿ ಸೆಲ್ಸಿಯಸ್. ಹೆಚ್ಚಿನ ಸರೀಸೃಪಗಳ ಮೊಟ್ಟೆಗೆ ಬೇಕಾದದ್ದು 25ರಿಂದ 33 ಡಿಗ್ರಿಯ ಆಸುಪಾಸು. ಕೋಳಿಯ ಕಾವುಪೆಟ್ಟಿಗೆಯಲ್ಲಿ ಮೊಸಳೆಯ ಮೊಟ್ಟೆಯಿಟ್ಟರೆ ಅದು ಒಳಗೇ ಬೆಂದುಹೋಗುತ್ತದೆ.

ನೆಲವೇ ಕಾವುಪೆಟ್ಟಿಗೆ

ವಿಜಯಪುರ ಜಿಲ್ಲೆಯಲ್ಲಿ ಏಪ್ರಿಲ್-ಮೇ ತಿಂಗಳಲ್ಲಿ ಹಗಲಿನ ಉಷ್ಣತೆ 40 ಡಿಗ್ರಿ ದಾಟುತ್ತದೆ. ಬರಿಗಾಲಲ್ಲಿ ಎರೆಹೊಲ ದಾಟಿದವರಿಗೆ ನೆಲದ ಮೇಲ್ಮೈ ಗಾಳಿಗಿಂತಲೂ ಬಿಸಿ ಎಂಬುದು ಗೊತ್ತು. ಅದೇ ನೆಲ ಬೆಳಗಿನ ಜಾವ ತಂಪಾಗಿರುತ್ತದೆ. ಆದರೆ ಕೆಳಗೆ ಹೋದಂತೆ ಈ ಏರಿಳಿತ ಬೇಗ ಬೇಗ ಕಡಿಮೆಯಾಗುತ್ತದೆ. ಸುಮಾರು 10-12 ಸೆಂಟಿಮೀಟರ್ ಆಳಕ್ಕೆ ಹೋದರೆ ಹಗಲು-ರಾತ್ರಿಯ ವ್ಯತ್ಯಾಸ ಮೇಲ್ಮೈಯಲ್ಲಿದ್ದದ್ದರ ಮೂರನೇ ಒಂದು ಭಾಗದಷ್ಟಕ್ಕೆ ಇಳಿಯುತ್ತದೆ. ಒಂದು ಅಡಿ ಆಳದಲ್ಲಿ ಹಗಲೋ ರಾತ್ರಿಯೋ ತಿಳಿಯದಷ್ಟು ಸ್ವಲ್ಪವೇ ಉಳಿಯುತ್ತದೆ. ಮಣ್ಣು ಬಿಸಿಯನ್ನು ನಿಧಾನವಾಗಿ ಸಾಗಿಸುತ್ತದೆ. ಹಗಲಿನ ಬಿಸಿ ಕೆಳಗಿಳಿಯುವಷ್ಟರಲ್ಲಿ ರಾತ್ರಿಯಾಗಿ ಮೇಲಿನ ಪದರ ತಣ್ಣಗಾಗಿರುತ್ತದೆ. ಇಂದು ಅಂಗಡಿಯಲ್ಲಿ ಸಿಗುವ ಥರ್ಮೋಸ್ಟಾಟ್ ಮಾಡುವ ಕೆಲಸವನ್ನು ನೆಲ ತಾನಾಗಿಯೇ ಮಾಡುತ್ತದೆ.

ಆಳದ ಜೊತೆಗೆ ಕಾಲವೂ ಮುಖ್ಯ. ಇದನ್ನು ಚೆನ್ನಾಗಿ ಅಭ್ಯಾಸ ಮಾಡಿದವರು ನಮ್ಮ ಧಾರವಾಡದವರೇ. ಕರ್ನಾಟಕ ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಎಸ್.ಕೆ. ಸೈದಾಪುರ, ಭಾಗ್ಯಶ್ರೀ ಶಾನಭಾಗ, ಆರ್.ಎಸ್. ರಡ್ಡೇರ ಇವರು ಬೇಲಿಯ ಮೇಲಿನ ಈ ಸಾಮಾನ್ಯ ಓತಿಕ್ಯಾತನನ್ನೇ ಆರಿಸಿಕೊಂಡು ವರ್ಷಗಟ್ಟಲೆ ಸಂಶೋಧನೆ ನಡೆಸಿದರು. ಮೊಟ್ಟೆಯಿಡಲು ತಕ್ಕ ನೆಲ ಸಿಗದಿದ್ದರೆ ಹೆಣ್ಣು ಓತಿ ಮೊಟ್ಟೆಗಳನ್ನು ಹೊಟ್ಟೆಯಲ್ಲೇ ತಡೆದಿಟ್ಟುಕೊಳ್ಳುತ್ತದೆ. ಆಗ ಒಳಗಿನ ಭ್ರೂಣಗಳ ಬೆಳವಣಿಗೆ ಒಂದು ಹಂತಕ್ಕೆ ಬಂದು ನಿಂತು ಕಾಯುತ್ತದೆ ಎಂಬುದು ಅವರು ಕಂಡುಕೊಂಡ ಸಂಗತಿಗಳಲ್ಲೊಂದು. ಮೊಟ್ಟೆಯನ್ನು ಸುತ್ತುವರಿದ ಮಣ್ಣು ಎಂಥದು, ಎಷ್ಟು ಬಿಸಿ ಎಂಬುದರಿಂದ ಮರಿಯ ಬೆಳವಣಿಗೆ ಹೇಗೆ ಬದಲಾಗುತ್ತದೆ ಎಂಬುದನ್ನೂ ಅವರು ಪರೀಕ್ಷಿಸಿದರು.

ಮಳೆ ತಡವಾದರೆ ರೈತ ಬಿತ್ತನೆ ಮುಂದಕ್ಕೆ ಹಾಕುತ್ತಾನೆ. ಓತಿಯೂ ಅದನ್ನೇ ಮಾಡುತ್ತದೆ. ಕಾದ ಒಣನೆಲಕ್ಕೆ ಬಿದ್ದ ಬೀಜವೂ ಮೊಟ್ಟೆಯೂ ಹಾಳಾಗುವುದೇ ಸರಿ. ತಾಯಿ ಮೊಟ್ಟೆಯನ್ನು ಬಿಟ್ಟು ಹೋಗುತ್ತದೆಂದು ಅದನ್ನು ನಿರ್ದಯಿ ಎನ್ನುವುದು ಸಲ್ಲದು. ಅದು ಕೊಡಬೇಕಾದ ಕಾವನ್ನೆಲ್ಲ ಜಾಗ, ಆಳ, ದಿನ ಇವುಗಳ ಆಯ್ಕೆಯಲ್ಲಿ ಮೊದಲೇ ಕೊಟ್ಟಿರುತ್ತದೆ.

ಗಂಡೋ ಹೆಣ್ಣೋ? ಬಿಸಿಯನ್ನು ಕೇಳಿ

ಮನುಷ್ಯರಲ್ಲಿ ಮಗು ಗಂಡೋ ಹೆಣ್ಣೋ ಎಂಬುದನ್ನು ವರ್ಣತಂತುಗಳು ನಿರ್ಧರಿಸುತ್ತವೆ ಎಂದು ಹತ್ತನೆಯ ತರಗತಿಯ ಮಕ್ಕಳು ಓದುತ್ತಾರೆ. ಕೋಳಿಯಲ್ಲೂ ಹಾಗೆಯೇ, ಹಾವಿನಲ್ಲೂ ಹಾಗೆಯೇ. ಆದರೆ 1966ರಲ್ಲಿ ಆಫ್ರಿಕಾದ ಸೆನೆಗಲ್ ದೇಶದ ಡಾಕಾರ್‌ನಲ್ಲಿ ಮಾಡ್ಲೀನ್ ಶಾರ್ನಿಯೆ ಎಂಬ ವಿಜ್ಞಾನಿ ಓತಿಯ ಬಳಗಕ್ಕೇ ಸೇರಿದ ಅಗಾಮ ಎಂಬ ಹಲ್ಲಿಯ ಮೊಟ್ಟೆಗಳನ್ನು ಬೇರೆ ಬೇರೆ ಉಷ್ಣತೆಯಲ್ಲಿಟ್ಟಾಗ ವಿಚಿತ್ರವೊಂದನ್ನು ಕಂಡಳು. ತಂಪಿನಲ್ಲಿದ್ದ ಮೊಟ್ಟೆಗಳಿಂದ ಹೆಣ್ಣುಮರಿ, ಬಿಸಿಯಲ್ಲಿದ್ದ ಮೊಟ್ಟೆಗಳಿಂದ ಗಂಡುಮರಿ! ಅಂದರೆ ಮೊಟ್ಟೆಯಿಡುವಾಗ ಒಳಗಿನ ಜೀವ ಗಂಡೂ ಅಲ್ಲ, ಹೆಣ್ಣೂ ಅಲ್ಲ. ಅದನ್ನು ತೀರ್ಮಾನಿಸುವುದು ಬೆಳವಣಿಗೆಯ ನಡುಗಾಲದ ಬಿಸಿ.

ಆಮೇಲೆ ಆಮೆಗಳಲ್ಲಿ, ಮೊಸಳೆಗಳಲ್ಲಿ ಇದೇ ಸಂಗತಿ ಕಂಡುಬಂತು. ಕೃಷ್ಣಾ ನದಿಯಲ್ಲಿರುವ ನಮ್ಮ ಮೊಸಳೆಯ ಲೆಕ್ಕ ಸಿಕ್ಕಿದ್ದು ಮದರಾಸಿನ ಹತ್ತಿರ 1976ರಲ್ಲಿ ರೊಮ್ಯುಲಸ್ ವಿಟೇಕರ್ ಮತ್ತು ಸಂಗಡಿಗರು ಕಟ್ಟಿದ ಮೊಸಳೆ ಬ್ಯಾಂಕಿನಲ್ಲಿ. ಅಲ್ಲಿನ ಮೊಟ್ಟೆಗಳ ಮೇಲೆ ನಡೆದು 1989ರಲ್ಲಿ ಪ್ರಕಟವಾದ ಅಧ್ಯಯನ ಹೀಗೆ ಹೇಳಿತು: 28ರಿಂದ 31 ಡಿಗ್ರಿಯವರೆಗೆ ಸ್ಥಿರವಾಗಿಟ್ಟ ಮೊಟ್ಟೆಗಳಿಂದ ಬರೀ ಹೆಣ್ಣುಮರಿ; 32.5 ಡಿಗ್ರಿಯಲ್ಲಿ ಬರೀ ಗಂಡುಮರಿ, 31.5, 32 ಮತ್ತು 33 ಡಿಗ್ರಿಗಳಲ್ಲಿ ಎರಡೂ ಬೆರಕೆ. ಒಂದೂವರೆ ಡಿಗ್ರಿಯ ಅಂತರದಲ್ಲಿ ಇಡೀ ಗೂಡಿನ ಹಣೆಬರಹ ಬದಲಾಗುತ್ತದೆ! ಜ್ವರ ನೋಡುವ ಥರ್ಮಾಮೀಟರಿನಲ್ಲಿ ಒಂದೂವರೆ ಡಿಗ್ರಿ ಎಂದರೆ ಎಷ್ಟೆಂದು ತಾಯಂದಿರಿಗೆ ತಿಳಿದೇ ಇದೆ.

ಓತಿಕ್ಯಾತನ ಕತೆ ಇನ್ನೂ ಸ್ವಾರಸ್ಯಕರ. ಅದರ ವರ್ಣತಂತುಗಳಲ್ಲಿ ಇದು ಗಂಡು, ಇದು ಹೆಣ್ಣು ಎಂದು ಗುರುತಿಸಬಹುದಾದ ಜೋಡಿ ಕಾಣುವುದಿಲ್ಲ. 1995ರಲ್ಲಿ ವಾರಾಣಸಿಯ ಸಂಶೋಧಕರು ಇದರ ಮೊಟ್ಟೆಗಳನ್ನು ಪರೀಕ್ಷಿಸಿ, ಉಷ್ಣತೆಯಿಂದ ಲಿಂಗ ಬದಲಾಗುವುದಿಲ್ಲ ಎಂದು ವರದಿ ಮಾಡಿದ್ದರು. 2012ರಲ್ಲಿ ಧಾರವಾಡದ ಎಲ್.ಎಸ್. ಇನಾಮದಾರ ದೊಡ್ಡಮನಿ ಮತ್ತು ಸಂಗಡಿಗರು ಹೆಚ್ಚು ಉಷ್ಣತೆಗಳನ್ನು, ಹತ್ತಿರ ಹತ್ತಿರದ ಮೆಟ್ಟಿಲುಗಳಲ್ಲಿ ಪರೀಕ್ಷಿಸಿ ಬೇರೆಯೇ ಚಿತ್ರವನ್ನು ಮುಂದಿಟ್ಟರು. ಉಷ್ಣತೆ ಏರುತ್ತ ಹೋದಂತೆ ಮೊದಲು ಹೆಣ್ಣು, ಆಮೇಲೆ ಗಂಡು, ಮತ್ತೆ ಹೆಣ್ಣು, ಮತ್ತೆ ಗಂಡು! ಅಲೆಯಂತೆ ಎರಡು ಸಲ ಏರಿಳಿಯುವ ಇಂಥ ಮಾದರಿ ಅದಕ್ಕೆ ಮುನ್ನ ವರದಿಯಾಗಿರಲಿಲ್ಲ. ಅಲೆಯಿರುವ ಕಡೆ ಎರಡು ಮೂರು ಬಿಂದುಗಳನ್ನಷ್ಟೇ ಅಳೆದರೆ ಅಲೆಯೇ ಕಾಣದೆ ಹೋಗಬಹುದು. ಪ್ರಯೋಗದಲ್ಲಿ ಅಳತೆಗಳನ್ನು ಹತ್ತಿರ ಹತ್ತಿರ ತೆಗೆದುಕೊಳ್ಳಬೇಕೆಂದು ಶಾಲೆಯಲ್ಲಿ ಹೇಳುವುದು ಇದಕ್ಕಾಗಿಯೇ.

ಒಂದು ಥರ್ಮೋಕೋಲ್ ಪೆಟ್ಟಿಗೆಯ ಪಾಠ

ಮೊಟ್ಟೆಯ ಬಿಸಿಯನ್ನು ಅರಿಯದೆ ಕಾವುಪೆಟ್ಟಿಗೆ ಕಟ್ಟಿದರೆ ಏನಾಗುತ್ತದೆ ಎಂಬುದಕ್ಕೆ ದೊಡ್ಡದೊಂದು ಉದಾಹರಣೆ ಇದೆ. ಮೆಕ್ಸಿಕೋ ಕೊಲ್ಲಿಯಲ್ಲಿ ಕೆಂಪ್ಸ್ ರಿಡ್ಲಿ ಎಂಬ ಕಡಲಾಮೆ ಅಳಿವಿನ ಅಂಚಿಗೆ ಬಂದಿತ್ತು. ಅದನ್ನು ಉಳಿಸಲು 1978ರಿಂದ 1988ರವರೆಗೆ ಮೆಕ್ಸಿಕೋದ ತೀರದಿಂದ ಮೊಟ್ಟೆಗಳನ್ನು ಅಮೆರಿಕದ ಟೆಕ್ಸಾಸ್ ತೀರಕ್ಕೆ ತಂದು, ಮರಳು ತುಂಬಿದ ಥರ್ಮೋಕೋಲ್ ಪೆಟ್ಟಿಗೆಗಳಲ್ಲಿಟ್ಟು ಮರಿ ಮಾಡಿಸಿದರು. ಮರಿಗಳು ಚೆನ್ನಾಗಿಯೇ ಹೊರಬಂದವು. ಆದರೆ ಕಡಲಾಮೆಗಳಲ್ಲಿ ತಂಪಿಗೆ ಗಂಡು, ಬಿಸಿಗೆ ಹೆಣ್ಣು. ಪೆಟ್ಟಿಗೆಯ ಮರಳು ತಂಪಾಗಿತ್ತು. ಪರೀಕ್ಷಿಸಿ ನೋಡಿದಾಗ ಮೊದಲ ವರ್ಷಗಳ ಮರಿಗಳಲ್ಲಿ ಬಹುಪಾಲು ಗಂಡುಗಳೇ ಎಂದು ತಿಳಿಯಿತು. ತೀರಕ್ಕೆ ಮರಳಿ ಬಂದು ಮೊಟ್ಟೆಯಿಡಬೇಕಾದದ್ದು ಹೆಣ್ಣಲ್ಲವೇ? 1985ರಿಂದ ಪೆಟ್ಟಿಗೆಗಳ ಉಷ್ಣತೆಯನ್ನು ಏರಿಸಿದ ಮೇಲೆ ಹೆಣ್ಣುಮರಿಗಳು ಹೆಚ್ಚಾದವು.

ಅಲ್ಲಿದ್ದವರು ಅರಿವುಳ್ಳ ವಿಜ್ಞಾನಿಗಳು, ಅವರ ಉದ್ದೇಶವೂ ಶುದ್ಧ. ಹಾಗಿದ್ದೂ ಕೆಲವು ವರ್ಷಗಳ ಶ್ರಮ ಒಂದೇ ಕಡೆಗೆ ವಾಲಿತು. ಮೊಟ್ಟೆ ಒಡೆದು ಮರಿ ಬಂತೆಂದ ಮಾತ್ರಕ್ಕೆ ಪ್ರಯೋಗ ಗೆದ್ದಂತಲ್ಲ ಎಂಬುದನ್ನು ಇದರಿಂದ ತಿಳಿಯಬೇಕು. ಈಗ ಭೂಮಿಯೇ ಬಿಸಿಯಾಗುತ್ತಿರುವುದರಿಂದ ಸಮಸ್ಯೆ ತಿರುಗಿ ನಿಂತಿದೆ. ಆಸ್ಟ್ರೇಲಿಯದ ಗ್ರೇಟ್ ಬ್ಯಾರಿಯರ್ ರೀಫ್‌ನ ಉತ್ತರ ಭಾಗದ ತೀರಗಳಲ್ಲಿ ಹುಟ್ಟಿದ ಹಸಿರು ಕಡಲಾಮೆಗಳಲ್ಲಿ, ಎಳೆಯವುಗಳ ಪೈಕಿ ನೂರಕ್ಕೆ 99ಕ್ಕೂ ಹೆಚ್ಚು ಹೆಣ್ಣು ಎಂದು 2018ರಲ್ಲಿ ಪ್ರಕಟವಾದ ಅಧ್ಯಯನ ತಿಳಿಸಿತು.

ಪೆಟ್ಟಿಗೆ ಕಟ್ಟುವ ಬಗೆ

ಹಾಗಾದರೆ ಮನೆಯಲ್ಲಿ ಕಾವುಪೆಟ್ಟಿಗೆಯನ್ನು ಕಟ್ಟಲೇಬಾರದೇ? ಅವಶ್ಯವಾಗಿ ಕಟ್ಟಬೇಕು. ಉಷ್ಣ, ವಿದ್ಯುತ್ತು, ಜೀವಶಾಸ್ತ್ರ ಮೂರನ್ನೂ ಒಟ್ಟಿಗೆ ಕಲಿಸುವ ಸಾಧನ ಇದಕ್ಕಿಂತ ಅಗ್ಗವಾಗಿ ಸಿಗಲಾರದು.

ಬೇಕಾಗುವ ಸಾಮಾನು ಇಷ್ಟು: 45 ಸೆಂ.ಮೀ. ಉದ್ದ, 30 ಸೆಂ.ಮೀ. ಅಗಲ, 30 ಸೆಂ.ಮೀ. ಎತ್ತರದ, ಎರಡೂವರೆ ಸೆಂ.ಮೀ. ದಪ್ಪ ಗೋಡೆಯ ಮುಚ್ಚಳವಿರುವ ಥರ್ಮೋಕೋಲ್ ಪೆಟ್ಟಿಗೆ, ಮೋಟಾರ್ ಸೈಕಲ್ಲಿನ ಇಂಡಿಕೇಟರಿಗೆ ಹಾಕುವ 12 ವೋಲ್ಟ್, 10 ವ್ಯಾಟಿನ ತಂತಿ ಬಲ್ಬು ಎರಡು, 12 ವೋಲ್ಟಿನ ಸಣ್ಣ ಡಿಜಿಟಲ್ ಥರ್ಮೋಸ್ಟಾಟ್ ಒಂದು, ಹಳೆಯ ಕಂಪ್ಯೂಟರಿನಿಂದ ತೆಗೆದ 12 ವೋಲ್ಟಿನ ಫ್ಯಾನ್ ಒಂದು, 12 ವೋಲ್ಟಿನ ಅಡಾಪ್ಟರ್ ಅಥವಾ ಬ್ಯಾಟರಿ, ಒಂದು ಥರ್ಮಾಮೀಟರು, ನೀರಿಡಲು ಅಗಲ ಬಾಯಿಯ ಬಟ್ಟಲು.

ಮನೆಯ 230 ವೋಲ್ಟಿನ ಬಲ್ಬನ್ನೇ ಏಕೆ ಹಾಕಬಾರದು ಎಂದು ಕೇಳಬಹುದು. ಪೆಟ್ಟಿಗೆಯಲ್ಲಿ ನೀರಿರುತ್ತದೆ, ಒಳಗೆ ಮಕ್ಕಳ ಕೈ ಹೋಗುತ್ತದೆ. ಅಲ್ಲಿ 230 ವೋಲ್ಟು ಬೇಡ. ಅಲ್ಲದೆ ಈಗ ಮನೆಗಳಲ್ಲಿರುವುದು ಎಲ್‌ಇಡಿ ದೀಪ. ಅದು ಬೆಳಕು ಕೊಡುತ್ತದೆ, ಸಾಕಷ್ಟು ಬಿಸಿ ಕೊಡುವುದಿಲ್ಲ. ಕರೆಂಟಿನ ಬಹುಪಾಲನ್ನು ಬಿಸಿಯಾಗಿ ಮಾಡುವ ಹಳೆಯ ತಂತಿ ಬಲ್ಬಿನ ಅವಗುಣವೇ ಇಲ್ಲಿ ಗುಣ.

ಎಷ್ಟು ವ್ಯಾಟ್ ಬೇಕು ಎಂಬುದನ್ನು ಲೆಕ್ಕ ಹಾಕಿಯೇ ತಿಳಿಯಬಹುದು. ಪೆಟ್ಟಿಗೆಯ ಆರೂ ಮುಖಗಳ ಒಟ್ಟು ವಿಸ್ತೀರ್ಣ 0.72 ಚದರ ಮೀಟರ್. ಥರ್ಮೋಕೋಲಿನ ಉಷ್ಣವಾಹಕತೆ ಸುಮಾರು 0.035. ಗೋಡೆಯ ದಪ್ಪ 0.025 ಮೀಟರ್. ಕೋಣೆಯಲ್ಲಿ 27.5 ಡಿಗ್ರಿ ಇದ್ದು ಒಳಗೆ 37.5 ಬೇಕಾದರೆ ವ್ಯತ್ಯಾಸ 10 ಡಿಗ್ರಿ. ವಿಸ್ತೀರ್ಣ, ವಾಹಕತೆ, ವ್ಯತ್ಯಾಸ ಮೂರನ್ನೂ ಗುಣಿಸಿ ದಪ್ಪದಿಂದ ಭಾಗಿಸಿದರೆ ಬರುವುದು 10 ವ್ಯಾಟ್. ಗೋಡೆಯ ಮೂಲಕ ಸೋರಿಹೋಗುವ ಈ ಬಿಸಿಯನ್ನು ತುಂಬಿಕೊಡಲು ಒಂದು ಬಲ್ಬು ಸಾಕು. ರಂಧ್ರಗಳಿಂದ ಹೋಗುವ ಬಿಸಿ, ಚಳಿಗಾಲದ ರಾತ್ರಿ ಇವನ್ನು ನೆನೆದು ಎರಡನ್ನು ಹಾಕಬೇಕು.

ಬಲ್ಬುಗಳನ್ನು ಪೆಟ್ಟಿಗೆಯ ಒಂದು ತುದಿಯಲ್ಲಿ, ತಗಡಿನ ಮರೆಯ ಹಿಂದೆ ನಿಲ್ಲಿಸಬೇಕು. ಬಿಸಿ ಬಲ್ಬು ತಾಗಿದರೆ ಥರ್ಮೋಕೋಲ್ ಕರಗುತ್ತದೆ, ಹೊತ್ತಿಕೊಳ್ಳಲೂಬಹುದು. ಆದ್ದರಿಂದ ಬಲ್ಬಿನ ಸುತ್ತ ಹತ್ತು ಸೆಂ.ಮೀ. ತೆರಪು ಬೇಕು. ಫ್ಯಾನನ್ನು ಬಲ್ಬಿನ ಹತ್ತಿರವೇ ಇಟ್ಟರೆ ಬಿಸಿಗಾಳಿ ಎಲ್ಲೆಡೆ ಸಮನಾಗಿ ಹರಡುತ್ತದೆ. ಥರ್ಮೋಸ್ಟಾಟಿನ ಸಂವೇದಕವನ್ನು ಮೊಟ್ಟೆಯ ಮಟ್ಟದಲ್ಲೇ ಇಳಿಬಿಡಬೇಕು. ಮುಚ್ಚಳದ ಹತ್ತಿರ ಇಟ್ಟರೆ ಅದು ಮುಚ್ಚಳದ ಬಿಸಿಯನ್ನು ಹೇಳುತ್ತದೆಯೇ ಹೊರತು ಮೊಟ್ಟೆಯದನ್ನಲ್ಲ. ಗೋಡೆಗಳಲ್ಲಿ ಪೆನ್ಸಿಲ್ ಗಾತ್ರದ ಆರೇಳು ರಂಧ್ರ ಮಾಡಬೇಕು, ಏಕೆಂದರೆ ಮೊಟ್ಟೆಯೂ ಉಸಿರಾಡುತ್ತದೆ. ನೀರು ತುಂಬಿ ಮುಚ್ಚಿದ ಎರಡು ಬಾಟಲಿಗಳನ್ನು ಒಳಗಿಟ್ಟರೆ ಅವು ಬಿಸಿಯನ್ನು ಹಿಡಿದಿಟ್ಟುಕೊಂಡು ಏರಿಳಿತವನ್ನು ತಗ್ಗಿಸುತ್ತವೆ. ಮಣ್ಣು ಹೊಲದಲ್ಲಿ ಮಾಡುವ ಕೆಲಸ ಇದೇ.

ಕರೆಂಟು ಹೋದರೆ? 12 ವೋಲ್ಟು, 7 ಆಂಪಿಯರ್-ಅವರ್ ಬ್ಯಾಟರಿಯಲ್ಲಿ 84 ವ್ಯಾಟ್-ಅವರ್ ಶಕ್ತಿ ಇರುತ್ತದೆ. ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಬರಿದು ಮಾಡಬಾರದು. ಉಳಿದ 42ನ್ನು 10ರಿಂದ ಭಾಗಿಸಿದರೆ ಸುಮಾರು ನಾಲ್ಕು ಗಂಟೆ. ಇದರ ಜೋಡಣೆಯನ್ನು ಹಿರಿಯರೊಬ್ಬರು ಅಥವಾ ವೈರಿಂಗ್ ಬಲ್ಲವರು ಹತ್ತಿರವಿದ್ದು ನೋಡಿಕೊಳ್ಳಬೇಕು. ತಂತಿಗೆ ಫ್ಯೂಸ್ ಹಾಕುವುದನ್ನು ಮರೆಯಬಾರದು.

ಈ ಪೆಟ್ಟಿಗೆಗೆ ಒಂದು ಮಿತಿಯಿದೆ. ಅದು ಬಿಸಿ ಮಾಡಬಲ್ಲದು, ತಂಪು ಮಾಡಲಾರದು. ಸಿಂದಗಿಯ ಮೇ ತಿಂಗಳಿನಲ್ಲಿ ಕೋಣೆಯೇ 40 ಡಿಗ್ರಿ ಮುಟ್ಟಿದರೆ ಬಲ್ಬು ಆರಿದ್ದರೂ ಮೊಟ್ಟೆ ಕೆಡುತ್ತದೆ. ಆದ್ದರಿಂದ ಪ್ರಯೋಗವನ್ನು ಮಳೆಗಾಲಕ್ಕೋ ಚಳಿಗಾಲಕ್ಕೋ ಇಟ್ಟುಕೊಳ್ಳಬೇಕು. ಓತಿಕ್ಯಾತ ಮಳೆಗಾಗಿ ಕಾಯುವುದು ಏಕೆಂದು ಇಲ್ಲಿಯೂ ತಿಳಿಯುತ್ತದೆ.

ಪೆಟ್ಟಿಗೆಯಲ್ಲಿ ಇಡುವುದು ಏನನ್ನು?

ಮೊದಲ ಮೂರು ದಿನ ಪೆಟ್ಟಿಗೆಯಲ್ಲಿ ಏನನ್ನೂ ಇಡಬಾರದು. ಖಾಲಿ ಪೆಟ್ಟಿಗೆಯನ್ನೇ ನಡೆಸಿ, ಎರಡು ಗಂಟೆಗೊಮ್ಮೆ ಉಷ್ಣತೆಯನ್ನು ಬರೆದು ನಕ್ಷೆ ತೆಗೆಯಬೇಕು. ಜ್ವರದ ಥರ್ಮಾಮೀಟರನ್ನೂ ಸಂವೇದಕವನ್ನೂ ಉಗುರುಬೆಚ್ಚಗಿನ ಒಂದೇ ನೀರಿನಲ್ಲಿ ಅದ್ದಿ, ಎರಡೂ ಒಂದೇ ಅಂಕಿ ತೋರಿಸುತ್ತವೆಯೇ ಎಂದು ನೋಡಬೇಕು. ಅರ್ಧ ಡಿಗ್ರಿಯ ವ್ಯತ್ಯಾಸವಿದ್ದರೂ ಅದನ್ನು ಗುರುತು ಹಾಕಿಕೊಳ್ಳಬೇಕು.

ಇದರ ಜೊತೆಗೇ ಹೊಲದಲ್ಲಿ ಇನ್ನೊಂದು ಅಳತೆ ನಡೆಯಲಿ. ಬಿಸಿಲು ಬೀಳುವ ಕಡೆ 5, 10, 20 ಮತ್ತು 30 ಸೆಂ.ಮೀ. ಆಳಕ್ಕೆ ಕಡ್ಡಿಯಿಂದ ತೂತು ಮಾಡಿ, ಥರ್ಮಾಮೀಟರು ಇಳಿಸಿ, ಬೆಳಗ್ಗೆ, ಮಧ್ಯಾಹ್ನ, ಸಂಜೆ ಓದಬೇಕು. ಎರಡು ನಕ್ಷೆಗಳನ್ನೂ ಪಕ್ಕಪಕ್ಕದಲ್ಲಿ ಅಂಟಿಸಿದರೆ ವಿಜ್ಞಾನ ಪ್ರದರ್ಶನಕ್ಕೆ ಅದೇ ಒಂದು ಒಳ್ಳೆಯ ಮಾದರಿ. ಸಾವಿರಾರು ವರ್ಷಗಳಿಂದ ನೆಲ ಮಾಡುತ್ತಿರುವ ಕೆಲಸಕ್ಕೂ ನಾವು ಕಟ್ಟಿದ ಪೆಟ್ಟಿಗೆಗೂ ಎಷ್ಟು ಅಂತರವಿದೆ ಎಂಬುದು ಮಕ್ಕಳಿಗೆ ತಾನಾಗಿಯೇ ಕಾಣುತ್ತದೆ.

ನಂತರ ಬೇಕಿದ್ದರೆ ಕೋಳಿಮೊಟ್ಟೆ. ಅಂಗಡಿಯಲ್ಲಿ ಸಿಗುವ ಫಾರಂ ಮೊಟ್ಟೆ ಫಲಿತವಾಗಿರುವುದಿಲ್ಲ. ಹುಂಜದ ಜೊತೆಗಿರುವ ಜವಾರಿ ಕೋಳಿಯ ತಾಜಾ ಮೊಟ್ಟೆ ಬೇಕು. ಉಷ್ಣತೆ 37.5 ಡಿಗ್ರಿ ಇರಲಿ. 18ನೆಯ ದಿನದವರೆಗೆ ದಿನಕ್ಕೆ ಮೂರು ಅಥವಾ ಐದು ಸಲ ಹೊರಳಿಸಬೇಕು. ಒಂದು ಕಡೆ ಪೆನ್ಸಿಲಿನಿಂದ ಗುರುತು ಮಾಡಿಕೊಂಡರೆ ತಪ್ಪುವುದಿಲ್ಲ. ಏಳನೆಯ ದಿನ ಕತ್ತಲಲ್ಲಿ ಬ್ಯಾಟರಿಯ ಬೆಳಕಿಗೆ ಹಿಡಿದರೆ ಜೇಡದ ಕಾಲಿನಂತೆ ರಕ್ತನಾಳಗಳು ಕಾಣುತ್ತವೆ. ಕೊನೆಯ ಮೂರು ದಿನ ಹೊರಳಿಸದೆ ತೇವಾಂಶ ಹೆಚ್ಚಿಸಬೇಕು. ಹುಟ್ಟಿದ ಮರಿಗಳನ್ನು ಯಾರು ಸಾಕುತ್ತಾರೆ ಎಂಬುದನ್ನು ಪಾಲಕರು ಮೊದಲೇ ಗೊತ್ತುಮಾಡಿಕೊಂಡಿರಬೇಕು. ಪ್ರದರ್ಶನ ಮುಗಿದರೂ ಮರಿಯ ಹಸಿವು ಮುಗಿಯುವುದಿಲ್ಲ.

ಸರೀಸೃಪಗಳ ಕಾವುಪೆಟ್ಟಿಗೆಯನ್ನು ವಿಶ್ವವಿದ್ಯಾಲಯ, ಮೃಗಾಲಯ, ಅರಣ್ಯ ಇಲಾಖೆಯವರು ಬಳಸುತ್ತಾರೆ. ಹೊರಗಿನಿಂದ ನೋಡಲು ಅದೂ ಇಂಥದೇ ಪೆಟ್ಟಿಗೆ. ಒಳಗೆ ಮಾತ್ರ ಬೇರೆ. ಮೊಟ್ಟೆಗಳು ಮುಚ್ಚಳವಿರುವ ಇನ್ನೊಂದು ಡಬ್ಬಿಯೊಳಗೆ, ನೀರು ಬೆರೆಸಿದ ವರ್ಮಿಕ್ಯುಲೈಟ್ ಅಥವಾ ಮರಳಿನಲ್ಲಿ ಅರ್ಧ ಹೂತಿರುತ್ತವೆ. ಮೇಲೆ ಗಾಳಿ ಬೀಸುವುದಿಲ್ಲ, ಬೆಳಕು ಬೀಳುವುದಿಲ್ಲ, ಯಾರೂ ಹೊರಳಿಸುವುದಿಲ್ಲ. ಯಾವ ಉಷ್ಣತೆಗೆ ಯಾವ ಮರಿ ಎಂಬ ಪಟ್ಟಿ ಮಾತ್ರ ಗೋಡೆಯ ಮೇಲಿರುತ್ತದೆ.

ಹೊಲದಲ್ಲಿ ಮೊಟ್ಟೆ ಸಿಕ್ಕರೆ

ಇದು ಪಾಲಕರು ಮುಖ್ಯವಾಗಿ ಓದಬೇಕಾದ ಭಾಗ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ‘ಪ್ರಾಣಿ’ ಎಂಬ ಪದಕ್ಕೆ ಸರೀಸೃಪಗಳ ಮೊಟ್ಟೆಯೂ ಸೇರುತ್ತದೆ. ಕಾಯ್ದೆಯ ರಕ್ಷಣೆಯಿರುವ ಸರೀಸೃಪಗಳ ಮೊಟ್ಟೆ ತೆಗೆಯುವುದು, ಗೂಡು ಕದಡುವುದು ಬೇಟೆಯಾಡಿದಂತೆಯೇ. ನಾಗರಹಾವು, ಕೇರೆ ಹಾವು, ಉಡ, ಮೊಸಳೆ, ನಕ್ಷತ್ರ ಆಮೆ ಎಲ್ಲವಕ್ಕೂ ಈ ರಕ್ಷಣೆಯಿದೆ. ಶಾಲೆಯ ಪ್ರಯೋಗ ಎಂಬ ಕಾರಣಕ್ಕೆ ಇದರಿಂದ ವಿನಾಯಿತಿ ಇಲ್ಲ. ಓತಿಕ್ಯಾತನ ಮೊಟ್ಟೆಯನ್ನೂ ಮನೆಗೆ ತರುವುದು ಬೇಡ. ನೆಲದಲ್ಲಿ ಸಿಕ್ಕ ಮೊಟ್ಟೆ ಓತಿಯದೋ ಹಾವಿನದೋ ಎಂದು ಮಕ್ಕಳಿಗೆ ತಿಳಿಯುವುದು ಕಷ್ಟ. ನಾಗರಹಾವಿನ ಮೊಟ್ಟೆಯಾದರೆ ತಾಯಿ ಹತ್ತಿರದಲ್ಲೇ ಕಾವಲಿರಲೂಬಹುದು.

ಗುದ್ದಲಿಗೆ ಮೊಟ್ಟೆ ಸಿಕ್ಕಾಗ ಮೊದಲು ಅಗೆಯುವುದನ್ನು ನಿಲ್ಲಿಸಿ ಹಿಂದೆ ಸರಿದು ಸುತ್ತ ನೋಡಬೇಕು. ಮೊಟ್ಟೆ ಸಣ್ಣದಾಗಿದ್ದು ಓತಿಯದೇ ಎಂದು ತಿಳಿದ ಹಿರಿಯರು ಹೇಳಿದರೆ, ತೆಗೆದ ಹಸಿ ಮಣ್ಣನ್ನೇ ಅದರ ಮೇಲೆ ಮೆಲ್ಲಗೆ ಮುಚ್ಚಿ, ಪಕ್ಕದಲ್ಲಿ ಕೋಲು ನೆಟ್ಟು ಗುರುತು ಮಾಡಿದರೆ ಸಾಕು. ಹೊರಗೆ ಉರುಳಿದ ಮೊಟ್ಟೆಯನ್ನು ಮೇಲಿದ್ದ ಭಾಗ ಮೇಲೇ ಇರುವಂತೆ ಎತ್ತಿ, ಮೊದಲಿದ್ದ ಆಳಕ್ಕೇ ಇಡಬೇಕು. ತೊಳೆಯಬಾರದು, ಬಿಸಿಲಿನಲ್ಲಿ ಇಡಬಾರದು. ಹಾವು, ಉಡ, ಮೊಸಳೆ, ಆಮೆಯ ಮೊಟ್ಟೆ ಎಂಬ ಸಂಶಯ ಬಂದರೆ ಮುಟ್ಟದೆ ತಾಲ್ಲೂಕಿನ ವಲಯ ಅರಣ್ಯಾಧಿಕಾರಿಗಳ ಕಚೇರಿಗೆ ತಿಳಿಸಬೇಕು. ಮನೆಯ ಪಾಯ ತೋಡುವಂಥ ಅನಿವಾರ್ಯ ಸಂದರ್ಭದಲ್ಲಿ ಆ ಮೊಟ್ಟೆಗಳನ್ನು ಏನು ಮಾಡಬೇಕೆಂದು ನಿರ್ಧರಿಸುವ ಅಧಿಕಾರ ಇಲಾಖೆಗೆ ಇದೆ.

ಓತಿಯ ಗೂಡಾದರೆ ಆ ಕೋಲಿನ ಬಳಿ ಆರೇಳು ವಾರ ಬಿಟ್ಟು ಹೋಗಿ ನೋಡಬಹುದು. ಹವೆ ತಂಪಿದ್ದರೆ ಇನ್ನೂ ಕೆಲವು ದಿನ ಹಿಡಿಯುತ್ತದೆ. ಮಣ್ಣಿನಲ್ಲಿ ಸಣ್ಣ ರಂಧ್ರಗಳು, ಪಕ್ಕದ ಹುಲ್ಲಿನಲ್ಲಿ ಬೆರಳುದ್ದದ ಮರಿಗಳು ಕಂಡರೆ ಮಕ್ಕಳ ಸಂತೋಷಕ್ಕೆ ಪಾರವಿರದು. ಅವುಗಳಲ್ಲಿ ಎಷ್ಟು ಗಂಡು, ಎಷ್ಟು ಹೆಣ್ಣು ಎಂಬುದನ್ನು ಆ ವರ್ಷದ ಮಳೆ, ಆ ಬದುವಿನ ನೆರಳು, ತಾಯಿ ತೋಡಿದ ಕುಳಿಯ ಆಳ ಸೇರಿ ನಿರ್ಧರಿಸಿರುತ್ತವೆ. ಧಾರವಾಡದ ವಿಜ್ಞಾನಿಗಳು ದೇಶಾಂತರದ ಅಪರೂಪದ ಪ್ರಾಣಿಯನ್ನು ಹುಡುಕಿಕೊಂಡು ಹೋಗಲಿಲ್ಲ. ಹುಡುಗರು ಕಲ್ಲೆಸೆಯುವ ಓತಿಕ್ಯಾತನನ್ನೇ ನೋಡುತ್ತ ಕೂತರು. ಮಕ್ಕಳ ಕೈಯಿಂದ ಆ ಕಲ್ಲನ್ನು ಬಿಡಿಸಿ ಒಂದು ಥರ್ಮಾಮೀಟರು ಕೊಡುವ ಕೆಲಸವನ್ನು ಪಾಲಕರು ಈ ಮಳೆಗಾಲದಲ್ಲೇ ಮಾಡಬಹುದು.